ಎರಡು ಒಲೆಯ ಮನೆ

ಮಾನ್ವಿಯ ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಅಡುಗೆಮನೆಯ ಮಣ್ಣಿನ ಒಲೆ, ಅವ್ವ ದಿನಾ ಸಾರಿಸಿ ರಂಗೋಲಿ ಎಳೆಯುತ್ತಿದ್ದದ್ದು. ಇನ್ನೊಂದು ಹಿತ್ತಲಲ್ಲಿ, ಬಚ್ಚಲ ಪಕ್ಕದ ತಗಡಿನ ಮಾಡಿನ ಕೆಳಗೆ, ಎಣ್ಣೆ ಡಬ್ಬಿ ಕೊರೆದು ಮಾಡಿದ ಹೊಟ್ಟಿನ ಒಲೆ. ಅದು ನೀಲತ್ತೆಯದು. ನೀಲತ್ತೆ ಅಪ್ಪನ ಅಕ್ಕ. ಗಬ್ಬೂರಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಸತ್ತಾಗ ಇನ್ನೂ ಹುಡುಗಿ. ಒಂದು ಟ್ರಂಕು ಹಿಡಿದು ಬಸ್ಸಿಳಿದು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದೆವು, ಒಂದೇ ಬಾವಿಯ ನೀರು ಕುಡಿಯುತ್ತಿದ್ದೆವು, ಜೋಳ ಅಕ್ಕಿ ಕೂಡ ಒಂದೇ ಚೀಲದಿಂದ ಹೋಗುತ್ತಿತ್ತು. ಅಡುಗೆ ಮಾತ್ರ ಬೇರೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ ನಾನು. ಸಾಲಿಗೆ ಹೋಗುವಾಗ ಒಮ್ಮೆ ಗೆಳತಿಯ ಮನೆಗೆ ಹೋಗಿ, ನಿಮ್ಮ ಇನ್ನೊಂದು ಒಲಿ ಎಲ್ಲ್ಯದ ಅಂತ ಕೇಳಿದ್ದಕ್ಕೆ ಅವರ ಮನೆಯವರೆಲ್ಲ ನಕ್ಕಿದ್ದರು. ನನಗೆ ಅಳು ಬಂದಿತ್ತು.

ಆ ಹೊಟ್ಟಿನ ಒಲೆ ತುಂಬುವುದನ್ನು ನೋಡುತ್ತ ಕೂರುವುದೇ ನನ್ನ ಬೆಳಗಿನ ಕೆಲಸ. ಡಬ್ಬಿಯ ಬುಡದಲ್ಲಿ ಒಂದು ತೂತು. ನಡುವೆ ಖಾಲಿ ಬಾಟಲಿ ನಿಲ್ಲಿಸಿ, ತೂತಿನೊಳಗೆ ಒಂದು ಕೋಲು ತೂರಿಸಿ, ಸುತ್ತಲೂ ಭತ್ತದ ಹೊಟ್ಟು ಸುರಿದು ಅತ್ತೆ ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬುತ್ತಿದ್ದಳು. ಯಾರ ಮೇಲಿನ ಸಿಟ್ಟೋ ಆ ಹೊಟ್ಟಿನ ಮೇಲೆ. ಆಮೇಲೆ ಬಾಟಲಿ, ಕೋಲು ಎರಡನ್ನೂ ಮೆಲ್ಲಗೆ ತಿರುವಿ ಎಳೆದರೆ ನಡುವೆ ಸುರಂಗ ಉಳಿಯುತ್ತಿತ್ತು. ಬುಡಕ್ಕೆ ಕಡ್ಡಿ ಗೀರಿ ಇಟ್ಟರೆ ಮುಗಿಯಿತು, ಮಧ್ಯಾಹ್ನದ ತನಕ ಅದು ತನ್ನ ಪಾಡಿಗೆ ಉರಿಯುತ್ತಿತ್ತು. ಊದಬೇಕಿಲ್ಲ, ಕಟ್ಟಿಗೆ ಮುಂದೆ ನೂಕಬೇಕಿಲ್ಲ, ಇನ್ನೊಬ್ಬರ ಕೈ ಬೇಕಿಲ್ಲ. ಹೊಟ್ಟು ಅಪ್ಪನ ಗಿರಣಿಯಿಂದ ಬರುತ್ತಿತ್ತು. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳೆಲ್ಲ ಗದ್ದೆಯಾಗಿ, ಸಿರವಾರದಿಂದ ಮಾನ್ವಿಯವರೆಗೆ ಅಕ್ಕಿ ಗಿರಣಿಗಳೆದ್ದು, ಹೊಟ್ಟು ಕೇಳುವವರಿಲ್ಲದೆ ಗುಡ್ಡ ಬಿದ್ದಿರುತ್ತಿತ್ತು. ಅಪ್ಪ ಅಂಥ ಒಂದು ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ.

ಅತ್ತೆ ಬೇರೆ ಒಲೆ ಹೂಡಿದ್ದು ಜಗಳದಿಂದಲ್ಲ. ಅದನ್ನು ಅವಳೇ ನನಗೆ ಹೇಳಿದ್ದಳು, ಒಂದು ಸಲವಲ್ಲ, ಹತ್ತಾರು ಸಲ, ಪುಂಡಿಪಲ್ಯದ ಎಲೆ ಸೋಸುತ್ತ, ದನಿ ಏರಿಸದೆ. ಅಪ್ಪನ ಮದುವೆಗೆ ಉಂಡಿ, ಕರ್ಚಿಕಾಯಿ, ಸಾಂಡಿಗೆ ಎಲ್ಲ ಮಾಡಿದವಳು ಅವಳೇ. ಅಡುಗೆಮನೆಯ ಒಲೆಯ ಮುಂದೆ ಬೆವರು ಸುರಿಸಿ ನಿದ್ದೆಗೆಟ್ಟವಳು ಅವಳೇ. ಹೊಸ ಸೊಸೆ ಮನೆ ತುಂಬಿ ಒಲೆಯ ಮೇಲೆ ಹಾಲು ಉಕ್ಕಿಸುವ ಹೊತ್ತಿಗೆ ಅಜ್ಜಿ ಬಂದು ಅತ್ತೆಯ ಕೈ ಹಿಡಿದು ಪಕ್ಕಕ್ಕೆ ಸರಿಸಿದಳಂತೆ.

"ನೀಲಾ, ಇವತ್ತೊಂದಿನ ನೀ ಒಲಿ ಮುಟ್ಟಬ್ಯಾಡ ಯವ್ವಾ. ಹೊಸಾ ಸೊಸಿ ಬಂದಾಳ."

ಅಜ್ಜಿ ಹೇಳಿದ್ದು ಒಂದು ದಿನಕ್ಕೆ. ಅತ್ತೆ ಅದನ್ನು ಜನ್ಮಕ್ಕೆ ನಡೆಸಿದಳು. ಮರುದಿನ ಅಜ್ಜಿ ರೊಟ್ಟಿ ಬಡಿಯಲು ಕರೆದರೆ, "ಮುಟ್ಟಬ್ಯಾಡ ಅಂದಿದ್ದೆಲ್ಲ, ಮುಟ್ಟಂಗಿಲ್ಲ" ಅಂದಳು. ಅಜ್ಜಿ ಬೈದಳು, ಅತ್ತಳು, ಉಪವಾಸ ಕೂತಳು. ಅತ್ತೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ನುಚ್ಚು ಬೇಯಿಸಿಕೊಂಡಳು. ಹೇಳಿದ ಮಾತನ್ನು ಮೀರಿ ಎದುರು ನಿಂತವರಿಗೆ ಊರು ಏನಾದರೂ ಮಾಡಬಹುದು, ಆದರೆ ಹೇಳಿದ್ದನ್ನೇ ಅಕ್ಷರ ಬಿಡದೆ ಪಾಲಿಸುವವಳನ್ನು ಯಾರು ಏನು ಮಾಡುತ್ತಾರೆ? ಅಜ್ಜಿ ಆ ಕೊರಗಿನಲ್ಲೇ ಸತ್ತಳು. ಕಥೆಯ ಕೊನೆಗೆ ಅತ್ತೆ ಯಾವಾಗಲೂ ಒಂದು ಮಾತು ಸೇರಿಸುತ್ತಿದ್ದಳು.

"ನಿಮ್ಮಪ್ಪ ಅಲ್ಲೇ ಬಾಸಿಂಗ ಕಟ್ಕೊಂಡು ಕುಂತಿದ್ದ ನೋಡು. ಪಿಟ್ ಅನ್ನಲಿಲ್ಲ."

ಅಪ್ಪ ಪಿಟ್ ಅನ್ನದೆ ಇದ್ದದ್ದು ಆ ದಿನ ಮಾತ್ರ ಅಂತ ಕಾಣುತ್ತದೆ. ನಾನು ಕಂಡ ಅಪ್ಪ ಬರೀ ಮಾತು. ಗಿರಣಿ ಬಿಟ್ಟ ಮೇಲೆ ಬಸ್‌ ನಿಲ್ದಾಣದ ಹೋಟೆಲಿನ ಕಟ್ಟೆ ಅವನ ವೇದಿಕೆ. ವಾರದ ರಜೆಗೆ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಸಿರವಾರ, ಹಿರೇಕೊಟ್ನೆಕಲ್ ಅಂತ ತಿರುಗುತ್ತಿದ್ದ. ಶರಣರ ಧರ್ಮದಾಗ ಸೂತಕ ಎಲ್ಲ್ಯದ, ಮುಂಡಿ ಮುತ್ತೈದಿ ಅಂತ ಭೇದ ಎಲ್ಲ್ಯದ, ಇವೆಲ್ಲ ನಡುವೆ ಹೊಕ್ಕ ಕಸ ಅಂತ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಬರುತ್ತಿದ್ದ. ಅವ್ವ ಉಪ್ಪು ಹಾಕಿದ ಬಿಸಿನೀರು ಕೊಡುತ್ತಿದ್ದಳು. ಬರೀ ಮಾತಲ್ಲ, ಮಾಡಿಯೂ ತೋರಿಸಿದ. ವರ್ಷಕ್ಕೊಮ್ಮೆ ಸ್ವಾಮಿಗಳು ಓಣಿಗೆ ಬಂದಾಗ ಮನೆಮನೆಯಲ್ಲೂ ಪಾದ ತೊಳೆದು ಆ ನೀರು ಕುಡಿಯುವುದು ರೂಢಿ. ಆ ಸಲ ಅಪ್ಪ ನಮ್ಮ ಬಾಗಿಲು ಹಾಕಿಸಿ, ಹೊರಗೆ ಮೆಟ್ಟಿಲ ಮೇಲೆ ಕೂತು ಪೇಪರು ಬಿಡಿಸಿಕೊಂಡ. ಸ್ವಾಮಿಗಳು ಎದುರಿಗೆ ಬಂದು ನಿಂತರೂ ಪೇಪರು ಮಡಚಲಿಲ್ಲ. ಅದೇ ವರ್ಷ ಗಿರಣಿಯ ಹಮಾಲರ ಕೇರಿಯಲ್ಲಿ, ಊರವರೆಲ್ಲ ನೋಡುವ ಹಾಗೆ, ಹಬ್ಬದ ಊಟಕ್ಕೆ ಪಂಕ್ತಿಯಲ್ಲಿ ಕೂತ. ನಾನು ಅವನ ಪಕ್ಕದಲ್ಲೇ ಕೂತು ಗೋಧಿ ಹುಗ್ಗಿ ಉಂಡಿದ್ದೆ. ಎಂಥ ಧೈರ್ಯದ ಅಪ್ಪ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಅದಾದ ಮೇಲೆ ಓಣಿಯವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಯಾರೂ ಬೈಯಲಿಲ್ಲ, ಕಲ್ಲು ಒಗೆಯಲಿಲ್ಲ. ಕರೆಯುವುದನ್ನು ಮರೆತರು, ಅಷ್ಟೇ. ಅಪ್ಪನಿಗೆ ಗಿರಣಿಯಿತ್ತು, ಹೋಟೆಲಿನ ಕಟ್ಟೆಯಿತ್ತು. ಮಷೀನು ಅವನ ಕೈಗೇ ಬಗ್ಗುತ್ತಿದ್ದರಿಂದ ಮಾಲಕರೂ ಅವನನ್ನು ತೆಗೆಯಲಿಲ್ಲ. ಅತ್ತೆಗೆ ಮೊದಲೂ ಯಾರೂ ಇರಲಿಲ್ಲ. ಉಳಿದವರು ಅವ್ವ ಮತ್ತು ನಾನು. ನಾಗರಪಂಚಮಿಗೆ ಪಕ್ಕದ ಮನೆಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಓಣಿಯ ಹುಡುಗಿಯರ ಕೂಗೆಲ್ಲ ನಮ್ಮ ಹಿತ್ತಲ ಗೋಡೆ ದಾಟಿ ಕೇಳುತ್ತಿತ್ತು. ನಾನು ಹೊಸ ಲಂಗ ತೊಟ್ಟು ಪಡಸಾಲೆಯ ಕಲ್ಲಿನ ಮೇಲೆ ಕೂತು, ಎಡಗೈ ಒಬ್ಬಳು, ಬಲಗೈ ಒಬ್ಬಳು ಮಾಡಿಕೊಂಡು ಕವಡೆ ಆಡುತ್ತಿದ್ದೆ. ಎಡಗೈ ಗೆಲ್ಲಲಿ ಅಂತ ಬಲಗೈ ಸೋಲುತ್ತಿತ್ತು. ಅವ್ವ ಅಡುಗೆಮನೆಯಿಂದ ನೋಡಿ ಮುಖ ತಿರುಗಿಸುತ್ತಿದ್ದಳು. ಅವಳೂ ಸಂಜೆ ಬಾಗಿಲಿಗೆ ಬಂದು, ಎದುರು ಮನೆಯ ಹೆಂಗಸರು ಕಟ್ಟೆಯ ಮೇಲೆ ಹೂ ಕಟ್ಟುವುದನ್ನು ನೋಡಿ ಒಳಗೆ ಹೋಗುತ್ತಿದ್ದಳು. ಅಪ್ಪನ ಮೇಲೆ ನನಗೆ ಹೆಮ್ಮೆಯಿತ್ತು, ಸಿಟ್ಟೂ ಇತ್ತು. ಅವನ ಹೋರಾಟ ಅವನದು, ಅದರ ಒಂಟಿತನ ಮಾತ್ರ ನಮಗೆ.

ಒಂಟಿತನ ತಡೆಯಲಾರದೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಅವ್ವನ ಒಲೆಯಲ್ಲಿ ಉಂಡು, ಮತ್ತೆ ಅತ್ತೆಯ ಒಲೆಯಲ್ಲಿ ಉಣ್ಣುತ್ತಿದ್ದೆ. ಅತ್ತೆಯ ಶೇಂಗಾ ಹಿಂಡಿಗೆ ಖಾರ ಜಾಸ್ತಿ. ಕಣ್ಣೀರು ಸುರಿದರೆ ನೀರು ಕೊಡುತ್ತಿರಲಿಲ್ಲ, "ರೊಟ್ಟಿ ಕಡಿ, ಇಳೀತದ" ಅನ್ನುತ್ತಿದ್ದಳು. ತಲೆ ಬಾಚಿ ಹೇನು ಹೆಕ್ಕುತ್ತಿದ್ದಳು. ಪಡಸಾಲೆಗೆ ಮಾತ್ರ ಬರುತ್ತಿರಲಿಲ್ಲ. ನಮ್ಮ ಮನೆಯ ಬಾಗಿಲುಗಳು ಒಂದೇ ಸಾಲಿನಲ್ಲಿದ್ದವು. ಪಡಸಾಲೆಯಲ್ಲಿ ಕೂತರೆ ಅಡುಗೆಮನೆ ದಾಟಿ ಹಿತ್ತಲ ತಗಡಿನ ಮಾಡಿನವರೆಗೆ ನೇರ ಕಾಣುತ್ತಿತ್ತು. ಅಷ್ಟು ಹತ್ತಿರವಿದ್ದೂ ಅತ್ತೆ ಮತ್ತು ಅವ್ವನ ನಡುವೆ ಬೇಕಾದಷ್ಟು ಮಾತು ಮಾತ್ರ. ಅಕ್ಕಾರಿ, ಜೋಳ ತಂದಾರ. ಹ್ಞೂಂ, ಇಡು. ಅವ್ವ ಅತ್ತೆಯ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆ ಹೊಸ ಸೊಸೆ ಅವ್ವನೇ ಅಲ್ಲವೆ?

ನಾನು ದೊಡ್ಡವಳಾದೆ. ಮೂಲೆಗೆ ಕೂರಿಸಿ ಅಂಟಿನ ಉಂಡೆ, ಕೊಬ್ಬರಿ ಬೆಲ್ಲ ತಿನ್ನಿಸಿದರು. ಕೊನೆಯ ದಿನ ಹುಡುಗಿಗೆ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿ, ಐದು ಮಂದಿ ಮುತ್ತೈದೆಯರು ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿ ಆರತಿ ಮಾಡಬೇಕು. ಅಪ್ಪ ಅದೆಲ್ಲ ಬೇಡ ಅಂದ. ಆಗ ಅವ್ವ ಅವನ ಎದುರಿಗೆ ಬಂದು ನಿಂತಳು.

"ನಿಮ್ಮ ಮಾತಿಗೆ ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ಕುಂತೀನಿ. ಒಂದ ಒಂದಿನ ನನಗ ಮಂದಿ ಬೇಕು. ನನ್ನ ಮಗಳಿಗೆ ನಾಕು ಮಂದಿ ಬೇಕು."

ಅಪ್ಪ ಚಪ್ಪಲಿ ಮೆಟ್ಟಿ ಗಿರಣಿಗೆ ಹೋದ. ಅವ್ವ ಮನೆಮನೆಗೆ ಹೋದಳು. ಏನು ಹೇಳಿದಳೋ, ಯಾರ ಕಾಲು ಹಿಡಿದಳೋ ಗೊತ್ತಿಲ್ಲ. ಎದುರು ಮನೆಯ ಗೌರಮ್ಮ, ಓಣಿಯ ಹೆಂಗಸರು ಯಾರ ಮಾತು ಕೇಳುತ್ತಿದ್ದರೋ ಆ ಗೌರಮ್ಮ, ಬರುತ್ತೇನೆ ಅಂದಳು. ಅವಳು ಬಂದರೆ ಉಳಿದವರೂ ಬರುತ್ತಾರೆ. ಅವ್ವ ಮನೆಯ ಕಲ್ಲುಗಳನ್ನೆಲ್ಲ ಉಜ್ಜಿ ಉಜ್ಜಿ ತೊಳೆದಳು. ಹಾಡು ಗುನುಗುತ್ತ ಹೂರಣ ರುಬ್ಬಿದಳು. ಅವ್ವನಿಗೆ ಹಾಡು ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಅವರು ಬಂದರು. ಪಡಸಾಲೆಯ ತುಂಬ ಬಳೆ ಸದ್ದು, ಹೂವಿನ ವಾಸನೆ. ನನ್ನ ಗಲ್ಲ ಹಿಡಿದು ನೋಡಿದರು, ನಕ್ಕರು, ಕಾಡಿದರು. ಆ ಸದ್ದು ನನಗೆ ಎಷ್ಟು ಬೇಕಾಗಿತ್ತೆಂದರೆ ಎದೆ ತುಂಬಿ ಬಂತು. ಗೌರಮ್ಮ ಬೊಗಸೆ ತುಂಬ ಅಕ್ಕಿ ತಗೊಂಡು ನನ್ನ ಮುಂದೆ ಬಾಗಿದಳು. ಅವಳ ಭುಜದ ಮೇಲಿಂದ ನನಗೆ ಹಿತ್ತಲು ಕಂಡಿತು. ಅತ್ತೆ ಈ ಕಡೆಗೆ ಬೆನ್ನು ಮಾಡಿ, ಒಲೆಗೆ ಹೊಟ್ಟು ಗುದ್ದುತ್ತಿದ್ದಳು. ಒಬ್ಬಳೇ. ನನ್ನ ಕೈ ತಾನಾಗಿ ಸೆರಗು ಮುಚ್ಚಿತು.

"ಮೊದಲ ನಮ್ಮತ್ತಿ ತುಂಬಬೇಕು."

"ಹುಚ್ಚಿ, ಅಕಿ ಹ್ಯಾಂಗ ತುಂಬತಾಳ? ಹಿಡಿ ಸೆರಗು."

"ಅತ್ತಿ ತುಂಬೋ ಮಟ ನಾ ಏಳಂಗಿಲ್ಲ."

ಗೌರಮ್ಮ ಕೆಟ್ಟವಳಲ್ಲ. ಎರಡು ಸಲ ತಿಳಿಸಿ ಹೇಳಿದಳು. ತಂಗೀ, ನಿನ್ನ ಬಾಳಿನ ಸಲುವಾಗಿ ಹೇಳಾಕತ್ತೀನಿ, ನಿಮ್ಮತ್ತಿ ಮ್ಯಾಲ ನನಗೇನು ಸಿಟ್ಟಿಲ್ಲ ಅಂದಳು. ನಾನು ಸೆರಗು ಬಿಡಲಿಲ್ಲ. ಅವಳು ಬೊಗಸೆಯ ಅಕ್ಕಿಯನ್ನು ತಟ್ಟೆಗೆ ಸುರಿದು ಕೈ ಝಾಡಿಸಿಕೊಂಡಳು.

"ಅಪ್ಪನ ಮಗಳು ಬಿಡ್ರಿ. ಈ ಮನಿ ಸುಧಾರಿಸಂಗಿಲ್ಲ. ಬರ್ರಿ, ಹೋಗೂಣು."

ಅವ್ವ ಒಬ್ಬೊಬ್ಬರ ಕೈ ಹಿಡಿದಳು, ಸಣ್ಣ ಹುಡುಗಿ ರೀ, ತಿಳೀವಲ್ದು ರೀ ಅಂತ ಬಾಗಿಲವರೆಗೆ ಹೋದಳು. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಅವ್ವ ನನಗೆ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ನೋಡಲೂ ಇಲ್ಲ. ಅಡುಗೆಮನೆಗೆ ಹೋಗಿ ಹಂಚಿನ ಮುಂದೆ ಕೂತು ಹೋಳಿಗೆ ತಟ್ಟತೊಡಗಿದಳು. ಯಾರಿಗಾಗಿ ತಟ್ಟುತ್ತಿದ್ದಳೋ. ನಾನು ಕೂತಲ್ಲಿಂದಲೇ ಹಿತ್ತಲಿಗೆ ಕೂಗಿದೆ.

"ಅತ್ತೀ, ಬಾ!"

ಅತ್ತೆ ತಿರುಗಲಿಲ್ಲ. "ಕರದವರ್ಯಾರು?"

"ನಾ!"

"ನೀ ಕರದರ ಬರಂಗಿಲ್ಲ. ಬ್ಯಾಡ ಅಂದವರು ಕರೀಲಿ."

"ಅಜ್ಜಿ ಸತ್ತಾಳಲ್ಲ!"

"ಅದಕ್ಕ ಬರಂಗಿಲ್ಲ."

ಅವಳಿಗಾಗಿ ಐದು ಮಂದಿಯನ್ನು ವಾಪಸು ಕಳಿಸಿದೆ, ಅವಳೇ ಬರುವುದಿಲ್ಲ ಅನ್ನುತ್ತಾಳೆ. ಸೀರೆ ಭಾರ, ಮಣೆ ಒತ್ತುತ್ತಿತ್ತು. ಮುಂದೆ ಆರತಿ ತಟ್ಟೆಯ ದೀಪ ಎಣ್ಣೆ ತೀರಿ ಆರಿತು. ಅಷ್ಟು ದೊಡ್ಡ ಪಡಸಾಲೆಯಲ್ಲಿ ಅವತ್ತು ಒಬ್ಬಳೇ ಕೂತಿದ್ದೆ. ಆಮೇಲೆ ಎಲ್ಲಿ ಕೂತರೂ, ರಾಯಚೂರಿನ ನನ್ನ ಈಗಿನ ಮನೆಯಲ್ಲಿ ಒಬ್ಬಳೇ ಕೂತರೂ, ಅಷ್ಟು ಒಂಟಿ ಅನ್ನಿಸಿಲ್ಲ.

ಊಟದ ಹೊತ್ತಿಗೆ ಅಪ್ಪ ಬಂದ. ಖಾಲಿ ಪಡಸಾಲೆ ನೋಡಿದ, ನನ್ನನ್ನು ನೋಡಿದ, ವಿಷಯ ಕೇಳಿ ತಿಳಿದ. ಅಪ್ಪ ನನ್ನ ಬೆನ್ನು ತಟ್ಟುತ್ತಾನೆ, ಇಷ್ಟು ಹೊತ್ತು ಅದೇ ಆಸೆಯಲ್ಲಿ ಕೂತಿದ್ದೆ.

"ಏಳು ಗಿರ್ಜಿ. ಸಾಕು ಜಿದ್ದು. ನಿಮ್ಮವ್ವ ಎಷ್ಟು ಕಷ್ಟಪಟ್ಟು ಅವರನ್ನ ಕರಸಿದ್ಲು. ನಾ ಹೋಗಿ ಗೌರಮ್ಮಗ ಹೇಳತೀನಿ, ತಿರುಗಿ ಬರತಾರ."

"ಸಿರವಾರದಾಗ ನೀವ ಹೇಳಿದ್ರೆಲ್ಲ, ಮುಂಡಿ ಮುತ್ತೈದಿ ಭೇದ ಇಲ್ಲ ಅಂತ?"

"ಅದು ಬ್ಯಾರೆ, ಇದು ಬ್ಯಾರೆ."

ಆ ಮಾತು ಮುಗಿದದ್ದೇ ತಡ, ಅಡುಗೆಮನೆಯಿಂದ ಭುಸ್ಸೆಂದು ಸದ್ದಾಯಿತು. ಒಲೆಯ ತುಂಬ ಹೊಗೆ, ಬೂದಿ, ಆವಿ. ಅವ್ವ ತುಂಬಿದ ಕೊಡ ಎತ್ತಿ ಉರಿಯುವ ಒಲೆಗೆ ಸುರಿದುಬಿಟ್ಟಿದ್ದಳು. ಹಂಚಿನ ಮೇಲಿನ ಹೋಳಿಗೆ ನೀರಲ್ಲಿ ತೇಲುತ್ತಿತ್ತು. ಅಪ್ಪ, ಹುಚ್ಚು ಹಿಡದದೇನು ನಿನಗ ಅಂದ. ಅವ್ವ ಮೂಲೆಯಿಂದ ನಾಲ್ಕು ತೊಗರಿ ಕಟ್ಟಿಗೆ ತಗೊಂಡು ಹಿತ್ತಲಿಗೆ ಹೋಗಿ ಅತ್ತೆಯ ಮುಂದೆ ನಿಂತಳು.

"ಅಕ್ಕಾರಿ, ಒಲಿ ಆರೇದ. ಬೆಂಕಿ ಕೊಡ್ರಿ."

ಅತ್ತೆ ತಲೆಯೆತ್ತಿದಳು. ಶುಭದ ದಿನ ಮನೆಯ ಒಲೆಗೆ ಯಾರ ಕೈಯ ಬೆಂಕಿ ಬರಬೇಕು, ಯಾರ ಕೈಯದು ಬರಬಾರದು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ಮನ್ಯಾಗ ಕಡ್ಡಿಪೆಟ್ಟಗಿ ಇಲ್ಲೇನು?"

"ಅದರಿ. ಆ ಬೆಂಕಿ ನನಗ ಬ್ಯಾಡ."

"ಆ ಒಲಿ ನಾ ಮುಟ್ಟಂಗಿಲ್ಲ, ನೋಡು."

"ಮುಟ್ಟಬ್ಯಾಡ್ರಿ. ನಾ ಹಚ್ಚತೀನಿ. ಬೆಂಕಿ ನಿಮ್ದಿರಲಿ."

ಅತ್ತೆ ಕಟ್ಟಿಗೆ ಇಸಿದುಕೊಂಡು ಒಲೆಯ ಬಾಯಿಗೆ ಹಿಡಿದು ಉರಿ ಹತ್ತಿಸಿ ಕೊಟ್ಟಳು. ಅವ್ವ ಅಂಗೈ ಅಡ್ಡ ಹಿಡಿದು ಒಳಗೆ ತಂದು ಒಲೆಗಿಟ್ಟಳು. ಅದು ಹೇಗೆ ಹತ್ತೀತು? ಒಲೆ ಕೆಸರಾಗಿತ್ತು. ಊದಿದಳು, ಕೆಮ್ಮಿದಳು, ಕಣ್ಣು ಒರೆಸಿಕೊಂಡು ಮತ್ತೆ ಊದಿದಳು. ಕಟ್ಟಿಗೆ ಬೆರಳಿನ ತನಕ ಸುಟ್ಟುಕೊಂಡು ಬಂತು. ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದಳು.

"ಹಸಿ ಒಲಿ ಹತ್ತಂಗಿಲ್ಲ ಬೇ. ಕೈ ಸುಟ್ಕೊಂಡೀ. ಹಿಟ್ಟು ಹೂರಣ ಈ ಕಡಿ ತಾ."

ಇಬ್ಬರೂ ಹೊಟ್ಟಿನ ಒಲೆಯ ಮುಂದೆ ಕೂತರು. ಅವ್ವ ತಟ್ಟಿದಳು, ಅತ್ತೆ ಬೇಯಿಸಿದಳು. ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂತು ಕಾದ. ಒಂದು ಸಲ ಕೆಮ್ಮಿದ, ಎರಡು ಸಲ ಕೆಮ್ಮಿದ. ಕೊನೆಗೆ ಊಟ ಅಂತ ಕೇಳಿದ.

ಅವ್ವ ಅಲ್ಲಿಂದಲೇ ಹೇಳಿದಳು. "ಇಲ್ಲೇ ಅದ. ನಿಮ್ಮಕ್ಕನ್ನ ಕೇಳ್ರಿ."

ಅಪ್ಪ ಎದ್ದು ಅಡುಗೆಮನೆ ದಾಟಿ ಹೋಗಿ, ತಲೆ ಬಗ್ಗಿಸಿ ತಗಡಿನ ಮಾಡಿನ ಕೆಳಗೆ ನಿಂತ.

"ಅಕ್ಕಾ," ಅಂದ. "ಹಸಿವ್ಯಾಗ್ಯದ."

"ಅವತ್ತು ನೀ ಬಾಸಿಂಗ ಕಟ್ಕೊಂಡು ಕುಂತಿದ್ದಿ. ನಮ್ಮವ್ವ ನನಗ ಅಂದದ್ದು ನಿನಗ ಕೇಳಿಸಿತ್ತೋ ಇಲ್ಲೋ?"

"ಕೇಳಿಸಿತ್ತು."

ಅತ್ತೆ ಹೋಳಿಗೆ ಮಗುಚಿದಳು. "ಕುಂದ್ರು," ಅಂದಳು.

ಅಪ್ಪ ನೆಲದ ಮೇಲೆ ಕೂತು ತಲೆ ಎತ್ತದೆ ಉಂಡ. ಅವನು ಕೈ ತೊಳೆಯುವ ಹೊತ್ತಿಗೆ ಅವ್ವ ಅತ್ತೆಯ ಮುಖವನ್ನೇ ನೋಡುತ್ತ ಹೇಳಿದ್ದು ನನಗೆ ಕೇಳಿಸಿತು.

"ನನ್ನ ಸಲುವಾಗಿ ನಿಮ್ಮನ್ನ ಸರಿಸಿದ್ರು. ಈಗ ನಾ ಕರಿಯಾಕತ್ತೀನಿ. ಬರ್ರಿ ಅಕ್ಕಾ."

ಅತ್ತೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಅಡುಗೆಮನೆಯಲ್ಲಿ ಒಲೆಗೆ ಸೀರೆಯ ಅಂಚೂ ತಾಗದ ಹಾಗೆ ಗೋಡೆ ಹಿಡಿದು ದಾಟಿ, ಪಡಸಾಲೆಗೆ ಬಂದಳು. ಗೌರಮ್ಮ ಬಿಟ್ಟುಹೋದ ತಟ್ಟೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮಡಿಲಲ್ಲಿ ತಂದಿದ್ದ ತನ್ನ ಅಕ್ಕಿಯನ್ನು ಮುಷ್ಟಿ ಮುಷ್ಟಿಯಾಗಿ ನನ್ನ ಉಡಿಗೆ ಹಾಕಿದಳು. ಹೊಟ್ಟು ಗುದ್ದಿ ಗುದ್ದಿ ಒರಟಾದ ಕೈ. ಹಾಡಿಲ್ಲ, ಆರತಿಯಿಲ್ಲ.

"ಏಳು. ಕಾಲು ಜೋಮು ಹಿಡದಿರಬೇಕು."

ನಾನು ಎದ್ದು ಅವಳ ಹೆಗಲ ಮೇಲೆ ಬಿದ್ದು ಅತ್ತುಬಿಟ್ಟೆ. ಅವ್ವ ಗೌರಮ್ಮನ ತಟ್ಟೆಯಲ್ಲಿ ಉಳಿದ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು, ಅಕ್ಕಾರಿ, ನೀವೂ ಸೆರಗು ಹಿಡೀರಿ ಅಂದಳು. ಅತ್ತೆ ತಲೆಯಾಡಿಸಿದಳು. "ಅದು ಅವರದು. ನಂದು ನನಗದ" ಅಂದು ಬಂದ ದಾರಿಯಲ್ಲೇ, ಗೋಡೆ ಹಿಡಿದು, ಹಿತ್ತಲಿಗೆ ಹೋದಳು.

ಗೌರಮ್ಮ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ, ಉಳಿದವರೂ ಅಷ್ಟೇ. ಮನೆ ಮೊದಲಿಗಿಂತ ಖಾಲಿಯಾಯಿತು. ಅಪ್ಪ ಊರೂರು ತಿರುಗುವುದನ್ನು ಬಿಡಲಿಲ್ಲ, ಆದರೆ ಮುಂಡಿ ಮುತ್ತೈದಿಯ ಮಾತು ಬಂದಾಗ ಅವನ ದನಿ ಇಳಿಯುತ್ತಿತ್ತಂತೆ. ಅತ್ತೆ ತನ್ನ ಒಲೆ ಬಿಡಲಿಲ್ಲ. ಆದರೆ ಅವ್ವ ಆ ದಿನದಿಂದ ಕಡ್ಡಿ ಗೀರಲಿಲ್ಲ. ದಿನಾ ಬೆಳಿಗ್ಗೆ ತೊಗರಿ ಕಟ್ಟಿಗೆ ಹಿಡಿದು ಹಿತ್ತಲಿಗೆ ಹೋಗಿ, ಅತ್ತೆಯಿಂದ ಬೆಂಕಿ ಇಸಿದುಕೊಂಡು ಬಂದು ತನ್ನ ಒಲೆ ಹಚ್ಚುತ್ತಿದ್ದಳು. ಮಳೆ ಬಂದರೆ ಕಟ್ಟಿಗೆಯ ಮೇಲೆ ಮೊರ ಹಿಡಿದುಕೊಂಡು. ಹಬ್ಬದ ದಿನವೂ, ದೀಪಾವಳಿಯ ದೀಪಕ್ಕೂ ಅದೇ ಬೆಂಕಿ. ಮನೆಯ ಕಡ್ಡಿಪೆಟ್ಟಿಗೆ ಅತ್ತೆಯ ಪಾಲಿಗೆ ಹೋಯಿತು. ತೇವ ಆಗದ ಹಾಗೆ ಅವಳು ಅದನ್ನು ಎಲ್ಲೋ ಜೋಪಾನ ಮಾಡುತ್ತಿದ್ದಳು. ಎಲ್ಲಿ ಅಂತ ಕೇಳುವ ಅಗತ್ಯ ನಮಗೆ ಬರಲಿಲ್ಲ.

ನಾನು ರಾಯಚೂರಿನಲ್ಲಿ ಓದುತ್ತಿದ್ದಾಗ ಅತ್ತೆ ತೀರಿದಳು. ಸುದ್ದಿ ಕೇಳಿ ಊರಿಗೆ ಬಂದೆ. ಹಮಾಲರ ಕೇರಿಯವರು ಬಂದು ಮಣ್ಣು ಮಾಡಿದರು, ಅವರೇ ರೊಟ್ಟಿ ತಂದು ಉಣ್ಣಿಸಿದರು. ಮರುದಿನ ಬೆಳಿಗ್ಗೆ ಎದ್ದಾಗ ಅವ್ವ ತೊಗರಿ ಕಟ್ಟಿಗೆ ಹಿಡಿದು ಹಿತ್ತಲಲ್ಲಿ ನಿಂತಿದ್ದಳು. ರೂಢಿಯಂತೆ ಹೋಗಿಬಿಟ್ಟಿದ್ದಾಳೆ. ಡಬ್ಬಿಯಲ್ಲಿ ತಣ್ಣನೆಯ ಕರಿ ಹೊಟ್ಟು. ಅಪ್ಪ ಗೂಡುಗಳನ್ನೆಲ್ಲ ತಡಕಿದ, ನಾನು ಅತ್ತೆಯ ಟ್ರಂಕು ತೆಗೆದು ನೋಡಿದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಪಕ್ಕದ ಮನೆಗೆ ಹೋಗಿ ಬೆಂಕಿ ಕೇಳುವ ಹಾಗಿರಲಿಲ್ಲ, ಯಾರೂ ಕೊಡುತ್ತಿರಲಿಲ್ಲ. ಅವ್ವ ಕಟ್ಟಿಗೆ ಕೆಳಗಿಡದೆ ನನ್ನ ಕಡೆ ತಿರುಗಿದಳು.

"ಗಿರ್ಜಿ, ನಮ್ಮ ಮನ್ಯಾಗ ಕಡ್ಡಿಪೆಟ್ಟಗಿ ಎಲ್ಲಿಡತಾರ ಬೇ?"